ಬರಿಗಾಲಲ್ಲಿ ಗದ್ದೆಗೆ ಇಳೀಬೇಡ

ಮಗಾ, ಮೊನ್ನೆ ಮಳೆ ಜಡೀತಾ ಇರುವಾಗ ಗದ್ದೆ ಬದುವಿನ ಮೇಲೆ ನಿನ್ನ ನೋಡಿದೆ. ಬರಿಗಾಲು, ಇಂಬಳ ಕಚ್ಚಿದ ಜಾಗ ಕೆರೆದು ಕೆರೆದು ಹುಣ್ಣಾಗಿತ್ತು. ಗದರಿದ್ದಕ್ಕೆ "ನೀವೂ ಹೀಗೇ ಅಲ್ವಾ ದೊಡ್ಡಪ್ಪ ಬೆಳೆದಿದ್ದು?" ಅಂದೆ. ಹೌದಪ್ಪ. ಆದ್ರೆ ನಿನ್ನ ವಯಸ್ಸಲ್ಲಿ ನನಗೆ ಸಕ್ಕರೆ ಕಾಯಿಲೆ ಇರಲಿಲ್ಲ.

ಮೆಲಿಯಾಯ್ಡೋಸಿಸ್ ಅಂತ ಒಂದು ಕಾಯಿಲೆ ಇದೆ. ಅದರ ಬ್ಯಾಕ್ಟೀರಿಯಾ ಇರೋದು ಕೆಸರಲ್ಲಿ, ನಿಂತ ನೀರಲ್ಲಿ; ನಿನ್ನ ಕಾಲಿನಂಥ ಹುಣ್ಣೇ ಅದಕ್ಕೆ ಬಾಗಿಲು. ಘಟ್ಟದ ಕೆಳಗೆ ಉಡುಪಿ, ಮಂಗಳೂರು ಕಡೆ ಮಳೆಗಾಲ ಬಂತಂದ್ರೆ ರೋಗಿಗಳು ಸಿಕ್ತಾರೆ; ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯವರಿಗೆ ಇದು ಹಳೇ ಪರಿಚಯ. 1912ರಲ್ಲಿ ರಂಗೂನಿನಲ್ಲಿ ಇದನ್ನ ಮೊದಲು ವರದಿ ಮಾಡಿದವರು ಡಾಕ್ಟರುಗಳಾದ ವಿಟ್ಮೋರ್ ಮತ್ತು ನಮ್ಮವರೇ ಆದ ಕೃಷ್ಣಸ್ವಾಮಿ. ಅವರಿಗೆ ಸಿಕ್ಕಿದ್ದೂ ಬಹುಪಾಲು ಮಾರ್ಫಿನ್ ಚಟಕ್ಕೆ ಬಿದ್ದು ಸೊರಗಿದವರೇ. ಗಟ್ಟಿ ಮೈಯವರ ತಂಟೆಗೆ ಅದು ಬರೋದು ಕಡಿಮೆ. ಸಕ್ಕರೆ ಇದ್ದವರಿಗೆ ಅಪಾಯ ಸುಮಾರು 12 ಪಟ್ಟು. ಸಂಜೆಯ ಪೆಗ್ಗೂ ಆ ಕಾಯಿಲೆಯ ಕಡೆಗೇ, ಹೇಳಿಬಿಟ್ಟೆ.

ಕಾಫಿ ಹಣ್ಣಿಗೆ ಬೆರ್ರಿ ಬೋರರ್ ಹುಳ ಹೊಕ್ಕೋದು ನೋಡಿದೀಯಲ್ಲ? ಬೀಜದೊಳಗೆ ಕೂತ ಮೇಲೆ ಹೊರಗಿಂದ ಎಷ್ಟು ಔಷಧಿ ಹೊಡೆದರೂ ಅದಕ್ಕೆ ತಾಗಲ್ಲ. ಈ ಬ್ಯಾಕ್ಟೀರಿಯಾನೂ ಅಂಥದ್ದೇ. ನುಂಗಿ ಕೊಲ್ಲೋಕೆ ಬಂದ ಬಿಳಿ ರಕ್ತಕಣದೊಳಗೇ ಬಿಡಾರ ಹೂಡುತ್ತೆ, ಹೊರಗೆ ತಲೆ ಹಾಕದೇ ಪಕ್ಕದ ಕಣಕ್ಕೆ ದಾಟುತ್ತೆ. ಸಕ್ಕರೆ ಏರಿದ ಮೈಯಲ್ಲಿ ಆ ಕಾವಲುಗಾರನೇ ತೂಕಡಿಸ್ತಿರ್ತಾನೆ. ಕೆಲವರ ಮೈಯಲ್ಲಿ ವರ್ಷಗಟ್ಟಲೆ ಅಡಗಿದ್ದು ಎದ್ದದ್ದೂ ಉಂಟು.

ಜ್ವರ, ಕೆಮ್ಮು, ಇಳಿಯೋ ತೂಕ ನೋಡಿ ಟಿಬಿ ಅಂತ ತಪ್ಪು ತಿಳಿಯೋದು ಹೆಚ್ಚು. ಲಿವರಲ್ಲೋ ಗುಲ್ಮದಲ್ಲೋ ಕೀವು ಕಟ್ಟಬಹುದು. ಪೆನಿಸಿಲಿನ್, ಜೆಂಟಾಮೈಸಿನ್‌ಗೆ ಸಾಮಾನ್ಯವಾಗಿ ಜಗ್ಗಲ್ಲ. ಬೇರೆ ಇಂಜೆಕ್ಷನ್ ಕಡಿಮೆ ಅಂದ್ರೆ 10-14 ದಿನ, ಆಮೇಲೆ ಮಾತ್ರೆ ಕನಿಷ್ಠ 3 ತಿಂಗಳು. ಚೆನ್ನಾಗಾಯ್ತು ಅಂತ ನಡುವೆ ಬಿಟ್ಟರೆ ಮರುಕಳಿಸಬಹುದು.

ಜ್ವರ ಬಿಡದಿದ್ರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮಲಗಬೇಡ. ಡಾಕ್ಟರ ಹತ್ತಿರ "ನನಗೆ ಸಕ್ಕರೆ ಇದೆ, ಕೆಸರಲ್ಲಿ ಕೆಲಸ ಮಾಡ್ತೀನಿ" ಅಂತ ನೀನಾಗೇ ಹೇಳು, ಬ್ಲಡ್ ಕಲ್ಚರ್ ಪರೀಕ್ಷೆ ಬೇಕಾ ಅಂತ ಕೇಳು. ನಮ್ಮ ಕಳಸದಿಂದ ಕುದುರೆಮುಖ, ಕಾರ್ಕಳ ದಾಟಿದರೆ ಮಣಿಪಾಲ. ಜಡಿಮಳೆಯಲ್ಲಿ ಆ ಘಾಟಿ ಇಳಿಯೋ ಕಷ್ಟ ನಿನಗೇ ಗೊತ್ತು, ಕೊನೇ ಗಳಿಗೆವರೆಗೆ ಕಾಯಬೇಡ.

ಗಂಬೂಟು ನಿನ್ನ ಜೀಪಿನ ಹಿಂದಿನ ಸೀಟಲ್ಲಿ ಇಟ್ಟಿದೀನಿ. ತೋಟದ ಕೂಲಿ ಲೈನಲ್ಲೂ ಸಕ್ಕರೆ ಇದ್ದವರಿದ್ದಾರೆ, ಅವರಿಗೂ ಒಂದೊಂದು ಜೊತೆ ತರಿಸು.