ಶ್ರವಣಯಂತ್ರವೋ, ಕಾಕ್ಲಿಯರ್ ಇಂಪ್ಲಾಂಟೋ?

ಎಂಟನೆಯ ತರಗತಿಯಲ್ಲಿ ವರ್ಣಮಾಲೆಯ ಪಾಠ ಬಂದಾಗ ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ ಎಂದು ಅಕ್ಷರಗಳು ಹುಟ್ಟುವ ಸ್ಥಾನಗಳನ್ನು ನಾವು ಹೇಳಿಕೊಡುತ್ತೇವೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಈ ಧ್ವನಿಗಳನ್ನೆಲ್ಲ ಅವರು ಶಾಲೆಗೆ ಬರುವುದಕ್ಕೆ ಬಹಳ ಮೊದಲೇ, ತೊಟ್ಟಿಲಲ್ಲಿ ಮಲಗಿದ್ದಾಗಲೇ, ಕಿವಿಯ ಮೂಲಕ ಕಲಿತುಬಿಟ್ಟಿರುತ್ತಾರೆ. ಕಿವಿ ಕೇಳಿಸದ ಮಗುವಿಗೆ ಆ ದಾರಿಯಿಲ್ಲ. ಅದು ತುಟಿ ನೋಡಿ ಮಾತನ್ನು ಊಹಿಸಬೇಕು. ವಿದ್ಯಾರ್ಥಿಗಳು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು, ದನಿ ತೆಗೆಯದೆ, 'ಪಾಡು, ಬಾಡು, ಮಾಡು' ಎಂದು ಹೇಳಿ ನೋಡಲಿ. ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಗಂಟಲಿನಲ್ಲಿ ಹುಟ್ಟುವ ಕ, ಗ ಅಂತೂ ಹೊರಗೆ ಕಾಣುವುದೇ ಇಲ್ಲ. ಕಣ್ಣಿಗೆ ಕಾಣುವ ಭಾಷೆ ಅರ್ಧವೂ ಅಲ್ಲವೆಂಬುದು ಆಗ ತಿಳಿಯುತ್ತದೆ.

ಗೋವೆಯ ನಮ್ಮ ಕನ್ನಡ ಕುಟುಂಬಗಳಲ್ಲಿಯೂ ಇಂಥ ಮಕ್ಕಳಿದ್ದಾರೆ. ಆ ಪಾಲಕರು ನಮ್ಮನ್ನು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: "ಮಷಿನ್ ಹಾಕಸೂಣೇನ್ರಿ ಸರ, ಆಪರೇಶನ್ ಮಾಡಸೂಣೇನ್ರಿ?" ನಾವು ವೈದ್ಯರಲ್ಲ, ತೀರ್ಮಾನ ಹೇಳುವ ಅಧಿಕಾರ ನಮಗಿಲ್ಲ. ಆದರೆ ಈ ಪ್ರಶ್ನೆಯ ಹಿಂದೆ ಒಂದು ತಪ್ಪು ತಿಳಿವಳಿಕೆ ಇರುತ್ತದೆ. ಮಷಿನ್ ಎಂದರೆ ಅಗ್ಗದ ಮಾಲು, ಆಪರೇಶನ್ ಎಂದರೆ ದುಬಾರಿಯಾದ ಉತ್ತಮ ಮಾಲು ಎಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ. ಅವೆರಡೂ ಬೇರೆ ಬೇರೆ ಕೆಲಸ ಮಾಡುವ ಸಾಧನಗಳು. ಇದನ್ನು ತಿಳಿಯಲು ಕಿವಿಯ ಒಳಗೆ ಒಮ್ಮೆ ಇಣುಕಬೇಕು.

ಹೊರಗಿವಿಯಿಂದ ಬಂದ ಶಬ್ದ ತಮಟೆಯನ್ನು ನಡುಗಿಸುತ್ತದೆ. ನಡುಗಿವಿಯ ಮೂರು ಪುಟ್ಟ ಮೂಳೆಗಳು ಆ ನಡುಕವನ್ನು ಒಳಗಿವಿಗೆ ದಾಟಿಸುತ್ತವೆ. ಒಳಗಿವಿಯಲ್ಲಿ ಶಂಖದಂತೆ ಎರಡೂವರೆ ಸುತ್ತು ಸುತ್ತಿಕೊಂಡಿರುವ ಕರ್ಣಶಂಖವಿದೆ. ಅದರೊಳಗೆ ಸುಮಾರು 15,000 ರೋಮಕೋಶಗಳಿವೆ. ಅವು ನಡುಕವನ್ನು ವಿದ್ಯುತ್ ಸಂಕೇತವಾಗಿ ಬದಲಿಸಿ ಶ್ರವಣನರಕ್ಕೆ ಕೊಡುತ್ತವೆ. ನರ ಮೆದುಳಿಗೆ ಒಯ್ಯುತ್ತದೆ. ಕೇಳುವುದು ನಿಜವಾಗಿ ಮೆದುಳು. ಮನುಷ್ಯನಲ್ಲಿ ಈ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಮೇಣ ಕಟ್ಟಿಕೊಂಡು, ತಮಟೆ ತೂತಾಗಿ ಅಥವಾ ಕಿವಿ ಸೋರಿ ಕೇಳಿಸದಿದ್ದರೆ, ಮೊದಲು ಬೇಕಾದದ್ದು ಕಿವಿಯ ವೈದ್ಯರ ಚಿಕಿತ್ಸೆ. ಸೋರುವ ಕಿವಿಗೆ ಕಾಯಿಸಿದ ಎಣ್ಣೆ ಬಿಡುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಇದೆ, ಅದನ್ನು ಬಿಡಬೇಕು.

ರೋಮಕೋಶಗಳಲ್ಲಿ ಕೆಲವು ಹೋಗಿ ಕೆಲವು ಉಳಿದಿದ್ದರೆ ಶ್ರವಣಯಂತ್ರ ಕೆಲಸಕ್ಕೆ ಬರುತ್ತದೆ. ಅದು ಶಬ್ದವನ್ನು ದೊಡ್ಡದು ಮಾಡಿ ಉಳಿದ ಕೋಶಗಳಿಗೆ ಮುಟ್ಟಿಸುತ್ತದೆ. ಇಂದಿನ ಯಂತ್ರಗಳು ಎಲ್ಲ ಶಬ್ದವನ್ನೂ ಒಂದೇ ಸಮನೆ ಹೆಚ್ಚಿಸುವುದಿಲ್ಲ. ಯಾರಿಗೆ ಯಾವ ಸ್ವರ ಕೇಳಿಸದೋ ಅದನ್ನು ಪರೀಕ್ಷೆಯಿಂದ ತಿಳಿದು ಅದಕ್ಕೆ ತಕ್ಕಂತೆ ಹೊಂದಿಸುತ್ತಾರೆ. ವಯಸ್ಸಾದ ಅಜ್ಜ "ದನಿ ಕೇಳ್ತದ, ಮಾತು ತಿಳಿಯಂಗಿಲ್ಲ" ಎಂದು ಹೇಳುವುದು ಸುಳ್ಳಲ್ಲ. ಸ, ಶ ಮೊದಲಾದ ಧ್ವನಿಗಳು ಎತ್ತರದ ಸ್ವರದವು. ಮುಪ್ಪಿನಲ್ಲಿ ಮೊದಲು ಹೋಗುವುದು ಅವೇ. ಅಜ್ಜನಿಗೆ ಸಾಲು, ಹಾಲು, ಕಾಲು ಎಲ್ಲವೂ 'ಆಲು' ಎಂದೇ ಕೇಳಿಸುತ್ತದೆ. ಅವರ ಕಿವಿಯಲ್ಲಿ ಕಿರುಚುವುದರಿಂದ ಪ್ರಯೋಜನವಿಲ್ಲ. ಪರೀಕ್ಷೆ ಮಾಡಿಸದೆ ಪೇಟೆಯಲ್ಲಿ ಸಿಕ್ಕ ಯಂತ್ರ ತಂದು ಕೊಟ್ಟರೆ ಅದು ಪೆಟ್ಟಿಗೆ ಸೇರುತ್ತದೆ.

ರೋಮಕೋಶಗಳು ಬಹುತೇಕ ಇಲ್ಲವೇ ಇಲ್ಲವೆಂದರೆ, ಶಬ್ದವನ್ನು ಎಷ್ಟು ದೊಡ್ಡದು ಮಾಡಿದರೂ ಸ್ವೀಕರಿಸುವವರಿಲ್ಲ. ಅಂಥವರಿಗಾಗಿ ಹುಟ್ಟಿದ್ದು ಕಾಕ್ಲಿಯರ್ ಇಂಪ್ಲಾಂಟ್. ಕಿವಿಯ ಹಿಂದೆ ಧರಿಸುವ ಪುಟ್ಟ ಯಂತ್ರ ಮಾತನ್ನು ಗ್ರಹಿಸಿ ಸಂಕೇತವಾಗಿ ಮಾರ್ಪಡಿಸುತ್ತದೆ. ತಲೆಯ ಮೇಲೆ ಅಯಸ್ಕಾಂತದಿಂದ ಅಂಟಿಕೊಂಡ ಬಿಲ್ಲೆಯೊಂದು ಆ ಸಂಕೇತವನ್ನು ಚರ್ಮದ ಕೆಳಗೆ ಹುದುಗಿಸಿದ ಭಾಗಕ್ಕೆ ಕಳಿಸುತ್ತದೆ. ಅಲ್ಲಿಂದ ಕರ್ಣಶಂಖದೊಳಕ್ಕೆ ಹೋದ ತಂತಿಯ ಮೇಲಿನ ವಿದ್ಯುತ್ ಬಿಂದುಗಳು ಸತ್ತ ಕೋಶಗಳನ್ನು ಬಿಟ್ಟು ನೇರವಾಗಿ ನರವನ್ನೇ ಪ್ರಚೋದಿಸುತ್ತವೆ. ಹದಿನೈದು ಸಾವಿರ ಕೋಶಗಳ ಕೆಲಸವನ್ನು ಹನ್ನೆರಡರಿಂದ ಇಪ್ಪತ್ತೆರಡು ಬಿಂದುಗಳು ಮಾಡಬೇಕು. ಆದ್ದರಿಂದ ಆ ಕೇಳುವಿಕೆ ನಮ್ಮ ನಿಮ್ಮಂತಹದಲ್ಲ.

ಕಡಲ ತೀರದಲ್ಲಿ ಚಿಪ್ಪು ಹೆಕ್ಕುವ ಗೋವೆಯ ಮಕ್ಕಳಿಗೆ ಇಲ್ಲೊಂದು ಸ್ವಾರಸ್ಯದ ಸಂಗತಿ. ಆಸ್ಟ್ರೇಲಿಯದ ಗ್ರೇಮ್ ಕ್ಲಾರ್ಕ್ ಎಂಬ ವೈದ್ಯರ ತಂದೆಗೆ ಕಿವಿ ಕೇಳಿಸುತ್ತಿರಲಿಲ್ಲ. ಸುರುಳಿಯಾದ ಕರ್ಣಶಂಖದೊಳಗೆ ಗಾಯ ಮಾಡದೆ ತಂತಿ ತೂರಿಸುವುದು ಹೇಗೆಂಬುದೇ ಅವರಿಗೆ ದೊಡ್ಡ ತೊಡಕಾಗಿತ್ತು. 1977ರಲ್ಲಿ ಸಮುದ್ರತೀರದಲ್ಲಿ ಕುಳಿತಿದ್ದಾಗ ಅವರು ಒಂದು ಸುರುಳಿ ಚಿಪ್ಪಿನೊಳಗೆ ಹುಲ್ಲಿನ ಎಸಳನ್ನು ತಳ್ಳಿ ನೋಡಿದರು. ತುದಿ ಮೃದುವಾಗಿ ಬುಡ ಗಟ್ಟಿಯಾಗಿದ್ದ ಎಸಳು ಸರಾಗವಾಗಿ ಒಳಗೆ ಸರಿಯಿತು. ತಂತಿಯೂ ಹಾಗೆಯೇ ಇರಬೇಕೆಂದು ಹೊಳೆಯಿತು. 1978ರಲ್ಲಿ ಮೆಲ್ಬರ್ನಿನಲ್ಲಿ ಅವರು ಮೊದಲ ಶಸ್ತ್ರಕ್ರಿಯೆ ಮಾಡಿದರು. ಇದಕ್ಕೂ ಮೊದಲು 1957ರಲ್ಲಿ ಪ್ಯಾರಿಸಿನಲ್ಲಿ ಮತ್ತು 1961ರಲ್ಲಿ ಅಮೆರಿಕದಲ್ಲಿ ಇಂಥ ಪ್ರಯತ್ನಗಳು ನಡೆದಿದ್ದವು.

ಹಾಗಾದರೆ ಯಾರಿಗೆ ಯಾವುದು? ಸೌಮ್ಯ ಮತ್ತು ಮಧ್ಯಮ ಕಿವುಡುತನಕ್ಕೆ ಶ್ರವಣಯಂತ್ರವೇ ಸಾಕು. ಅಲ್ಲಿ ಶಸ್ತ್ರಕ್ರಿಯೆಯ ಮಾತು ಬೇಡ. ಮಾತುಕತೆಯ ದನಿ ಸುಮಾರು 60 ಡೆಸಿಬಲ್. 90 ಡೆಸಿಬಲ್ ದಾಟಿದ ಶಬ್ದವೂ ಎರಡೂ ಕಿವಿಗೆ ಕೇಳಿಸದ ಮಗುವಿಗೆ ಇಂಪ್ಲಾಂಟಿನ ವಿಚಾರ ಬರುತ್ತದೆ. ಆಗಲೂ ಸಾಮಾನ್ಯವಾಗಿ ಮೊದಲು ಕೆಲವು ತಿಂಗಳು ಶ್ರವಣಯಂತ್ರ ಹಾಕಿ, ತರಬೇತಿ ಕೊಟ್ಟು ನೋಡುತ್ತಾರೆ. ಇದು ಕಾಲಹರಣವಲ್ಲ. ಸ್ಕ್ಯಾನಿನಲ್ಲಿ ಶ್ರವಣನರವೇ ಇಲ್ಲವೆಂದು ಕಂಡರೆ ಇಂಪ್ಲಾಂಟ್ ವ್ಯರ್ಥ. ಶಸ್ತ್ರಕ್ರಿಯೆಯಿಂದ ಆ ಕಿವಿಯಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಕೇಳುವಿಕೆಯೂ ಹೋಗಬಹುದು. ಹಿಂತಿರುಗುವ ದಾರಿಯಿಲ್ಲವೆಂದೇ ತಿಳಿಯಬೇಕು. ಒಂದು ಕಿವಿಗೆ ಇಂಪ್ಲಾಂಟ್, ಇನ್ನೊಂದಕ್ಕೆ ಯಂತ್ರ ಹಾಕುವುದೂ ಉಂಟು.

ನಮಗೆ ಹೆಚ್ಚು ಚಿಂತೆಯಾಗುವುದು ಈ ಆಯ್ಕೆಯ ಬಗ್ಗೆ ಅಲ್ಲ, ಅದಕ್ಕೆ ಮುಂಚೆ ಕಳೆದುಹೋಗುವ ವರ್ಷಗಳ ಬಗ್ಗೆ. ಮಗು ಎರಡು ವರ್ಷವಾದರೂ 'ಅವ್ವ' ಎನ್ನದಿದ್ದರೆ, "ಇವರಪ್ಪನೂ ತಡವಾಗಿಯೇ ಮಾತಾಡಿದ್ದ" ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ಮುಂದಿನ ಜಾತ್ರೆಗೆ ಹರಕೆ ಹೊರುತ್ತಾರೆ. ಹರಕೆ ಹೊರಲಿ, ಅಡ್ಡಿಯಿಲ್ಲ, ಪರೀಕ್ಷೆಯನ್ನೂ ಮಾಡಿಸಲಿ. ಮೆದುಳು ಮಾತನ್ನು ಸುಲಭವಾಗಿ ಹಿಡಿಯುವ ಕಾಲ ಮೊದಲ ಕೆಲವೇ ವರ್ಷ. ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರು ಒಪ್ಪಿದ ಕ್ರಮ. ಬೇರಾ ಎಂಬ ಪರೀಕ್ಷೆಯನ್ನು ನಿದ್ರಿಸುವ ಕೂಸಿಗೂ ಮಾಡಬಹುದು, ಸೂಜಿಯಿಲ್ಲ, ನೋವಿಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ಮನೆಗಳಲ್ಲಿ, ಹುಟ್ಟಿದಾಗ ತೂಕ ಬಹಳ ಕಡಿಮೆಯಿದ್ದ ಅಥವಾ ತೀವ್ರ ಕಾಮಾಲೆಯಾದ ಕೂಸುಗಳಲ್ಲಿ ಇದು ಇನ್ನೂ ಅಗತ್ಯ. ಹುಟ್ಟುಕಿವುಡರು ಏನೂ ಕೇಳದೆ ದೊಡ್ಡವರಾದ ಮೇಲೆ ಇಂಪ್ಲಾಂಟ್ ಹಾಕಿಸಿದರೆ ಶಬ್ದ ಬರುತ್ತದೆ, ಮಾತು ತಿಳಿಯುವುದು ಕಷ್ಟ. ಮಾತು ಕಲಿತ ಮೇಲೆ ಕಿವುಡಾದವರ ಸಂಗತಿ ಬೇರೆ. ಅವರ ಮೆದುಳಿಗೆ ಭಾಷೆ ಗೊತ್ತಿರುತ್ತದೆ.

ಶಸ್ತ್ರಕ್ರಿಯೆ ಕೆಲವು ಗಂಟೆಗಳದು, ತರಬೇತಿ ವರ್ಷಗಳದು. ಕೆಲವು ವಾರಗಳ ನಂತರ ಯಂತ್ರ ಚಾಲೂ ಮಾಡಿದ ದಿನ ಮಗು ಬೆಚ್ಚಿ ಅಳಬಹುದು. ಆ ದಿನ ಅದು ಕೇಳುವಿಕೆಯಲ್ಲಿ ನವಜಾತ ಶಿಶು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸ ಮಾಡುತ್ತಿದೆ. ಕನ್ನಡದಲ್ಲೇ ತರಬೇತಿ ಬೇಕೆನ್ನುವವರಿಗೆ ಅದಕ್ಕಿಂತ ಒಳ್ಳೆಯ ಸ್ಥಳ ನಮಗೆ ತಿಳಿಯದು. ಕಿವುಡ ಮಕ್ಕಳ ತಂದೆತಾಯಿಯರೇ ಸಂಘ ಕಟ್ಟಿ ನಡೆಸುವ ಶಾಲೆಯೂ ಮೈಸೂರಿನಲ್ಲಿದೆ. ಅಲ್ಲಿ ತಾಯಿಯೂ ಮಗುವಿನ ಜೊತೆ ತರಗತಿಯಲ್ಲಿ ಕುಳಿತು ಕಲಿಯುತ್ತಾಳೆ.

ಗೋವೆಯಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕೊಂಕಣಿ, ಆಸ್ಪತ್ರೆಯಲ್ಲಿ ಹಿಂದಿ ಅಥವಾ ಇಂಗ್ಲಿಷು. ತರಬೇತಿ ಕೊಡುವವರ ಭಾಷೆಗೆ ಹೆದರಿ ತಾಯಿ ತನಗೆ ಬಾರದ ಹಿಂದಿಯಲ್ಲಿ ಮಗುವಿನೊಡನೆ ನಾಲ್ಕು ಶಬ್ದ ಆಡಿ ಸುಮ್ಮನಾಗುತ್ತಾಳೆ. ನಮ್ಮ ಅಭಿಪ್ರಾಯದಲ್ಲಿ ಇದು ದೊಡ್ಡ ನಷ್ಟ. ರೊಟ್ಟಿ ಬಡಿಯುವಾಗ, ಎರೆಯುವಾಗ, ತಲೆ ಬಾಚುವಾಗ ಬಾಯಿತುಂಬ ಆಡಲು ಬರುವ ಭಾಷೆಯೇ ಮಗುವಿನ ಕಿವಿಗೆ ಬೀಳಬೇಕು. ಒಂದು ಭಾಷೆ ಗಟ್ಟಿಯಾದರೆ ಎರಡನೆಯದು ಅದರ ಹಿಂದೆ ಬರುತ್ತದೆ.

ಖರ್ಚಿನ ಮಾತು. ಶ್ರವಣಯಂತ್ರಗಳು ಕೆಲವು ಸಾವಿರದಿಂದ ಲಕ್ಷ ದಾಟುವವರೆಗೂ ಇವೆ. ಇಂಪ್ಲಾಂಟಿಗೆ ಹಲವು ಲಕ್ಷ ಬೇಕು. ಕೇಂದ್ರ ಸರಕಾರದ ಎಡಿಪ್ ಯೋಜನೆಯಲ್ಲಿ ಆದಾಯದ ಮಿತಿಯೊಳಗಿನ ಕುಟುಂಬಗಳಿಗೆ ಶ್ರವಣಯಂತ್ರವೂ, ಐದು ವರ್ಷದೊಳಗಿನ ಹುಟ್ಟುಕಿವುಡ ಮಕ್ಕಳಿಗೆ ಇಂಪ್ಲಾಂಟೂ ದೊರೆಯುತ್ತವೆ. ಇಂಪ್ಲಾಂಟಿನ ಅರ್ಜಿಗಳನ್ನು ನೋಡುವುದು ಮುಂಬಯಿಯ ಅಲಿ ಯಾವರ್ ಜಂಗ್ ಸಂಸ್ಥೆ. ಮೊದಲ ಹೆಜ್ಜೆಗೆ ಅಷ್ಟು ದೂರ ಹೋಗಬೇಕಿಲ್ಲ. ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿನ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋದರೆ ಸಾಕು. ಆದರೆ ಬ್ಯಾಟರಿ, ವಾಯರು, ಹೊರಯಂತ್ರದ ದುರಸ್ತಿ ಬದುಕಿನುದ್ದಕ್ಕೂ ಇರುವ ಖರ್ಚು. ಇದನ್ನು ಮೊದಲೇ ಕೇಳಿ ತಿಳಿಯಬೇಕು. ನಮ್ಮ ಮಳೆಗಾಲದ ತೇವ ಈ ಯಂತ್ರಗಳಿಗೆ ಶತ್ರು. ರಾತ್ರಿ ತೆಗೆದು, ಒರೆಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಬೇಕು.

ಎರಡೂ ಬೇಡವೆನ್ನುವವರೂ, ಎರಡರಿಂದಲೂ ಉಪಯೋಗವಾಗದವರೂ ಇದ್ದಾರೆ. ಸಂಜ್ಞಾಭಾಷೆ ಅವರ ಪೂರ್ಣ ಭಾಷೆ, ಅದಕ್ಕೂ ವ್ಯಾಕರಣವಿದೆ. 2015ರಲ್ಲಿ ದಿಲ್ಲಿಯಲ್ಲಿ ಭಾರತೀಯ ಸಂಜ್ಞಾಭಾಷೆಗಾಗಿಯೇ ಒಂದು ಸಂಸ್ಥೆ ಆರಂಭವಾಗಿದೆ. ಯಂತ್ರ ಹಾಕಿದ ಮಗು ಕೈಸನ್ನೆ ಮಾಡಿದರೆ ಕೈಗೆ ಹೊಡೆಯುವ ಪಾಲಕರನ್ನು ನಾವು ಕಂಡಿದ್ದೇವೆ. ಹಾಗೆ ಮಾಡಬಾರದು.

ಇನ್ನು ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ತರಗತಿಯಲ್ಲಿ ಯಂತ್ರ ಧರಿಸಿದ ಗೆಳೆಯನೋ ಗೆಳತಿಯೋ ಇದ್ದರೆ, ಮುಂದಿನ ಬೆಂಚು ಅವರಿಗಿರಲಿ. ಫ್ಯಾನಿನ ಗದ್ದಲದಿಂದ ದೂರವಿರಲಿ. ಮಾತಾಡುವಾಗ ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನಿಲ್ಲಿರಿ. ಬೆನ್ನ ಹಿಂದಿನಿಂದ ಕರೆಯಬೇಡಿರಿ. ಕೂಗುವುದು ಬೇಡ, ಸಾವಕಾಶವಾಗಿ ಹೇಳಿದರೆ ಸಾಕು. 'ಪಾಡು' ಎಂದದ್ದು 'ಮಾಡು' ಎಂದು ಕೇಳಿಸಿದರೆ ಅದೇ ಶಬ್ದವನ್ನು ಹತ್ತು ಸಲ ಹೇಳದೆ, 'ಹಾಡು ಹೇಳು' ಎಂದು ಬೇರೆ ಮಾತಿನಲ್ಲಿ ಹೇಳಿ ನೋಡಿರಿ. ಕಪ್ಪುಹಲಗೆಯ ಕಡೆ ಮುಖ ಮಾಡಿ ಪಾಠ ಹೇಳುವ ರೂಢಿಯನ್ನು ಬಿಡಬೇಕಾದವರು ನಾವು ಶಿಕ್ಷಕರು.