ಬಡ್ಡಿಯೂ ಮೊಮ್ಮಕ್ಕಳೂ ಒಟ್ಟಿಗೆ ಬರುವ ತಿಂಗಳು

ಏಪ್ರಿಲ್ ಬಂತೆಂದರೆ ನಮ್ಮ ಮನೆಗೆ ಎರಡು ಬರುತ್ತವೆ. ತಿಂಗಳ ಶುರುವಿನಲ್ಲೇ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಿಂದ ಮೂರು ತಿಂಗಳ ಬಡ್ಡಿ. ಶಾಲೆಗೆ ರಜೆ ಬಿಟ್ಟ ಕೂಡಲೇ ಬೆಂಗಳೂರಿನಿಂದ ಮೂವರು ಮೊಮ್ಮಕ್ಕಳು. ನಮ್ಮ ಯಜಮಾನರು ನಿವೃತ್ತರಾದಾಗ ಬಂದ ದುಡ್ಡಿನಲ್ಲಿ 15 ಲಕ್ಷವನ್ನು ಆ ಯೋಜನೆಯಲ್ಲಿ ಇಟ್ಟಿದ್ದೇವೆ. ಶೇ 8.2ರ ಬಡ್ಡಿಗೆ ಮೂರು ತಿಂಗಳಿಗೊಮ್ಮೆ 30,750 ರೂಪಾಯಿ ಬರುತ್ತದೆ. ಅದರ ಜೊತೆಗೆ ಶಾಲೆಯಲ್ಲಿ ಪಾಠ ಹೇಳಿದ್ದಕ್ಕೆ ನನಗೊಂದು ಪಿಂಚಣಿ. ಏಪ್ರಿಲ್‌ನಲ್ಲಿ ಬಂದ ಬಡ್ಡಿ ಜುಲೈವರೆಗೂ ಸಾಲಬೇಕು. ಇಬ್ಬರ ಔಷಧಿ, ಮನೆ ಕಂದಾಯ, ರಿಪೇರಿ ಎಲ್ಲವೂ ಅದರಲ್ಲೇ ಕಳೆಯಬೇಕು. ಏಪ್ರಿಲ್ ಮುಗಿಯುವುದರೊಳಗೆ ಕಂದಾಯ ಕಟ್ಟಿದರೆ ಶೇ 5ರಷ್ಟು ರಿಯಾಯಿತಿ ಇರುವುದರಿಂದ ಮೊದಲು ಅದನ್ನೇ ಮುಗಿಸುತ್ತೇವೆ.

ಇಷ್ಟಾದ ಮೇಲೆ ರಜೆಗೆಂದು 8,000 ರೂಪಾಯಿ ಎಣಿಸಿ ಒಂದು ಲಕೋಟೆಗೆ ಹಾಕಿಡುತ್ತೇನೆ. ಹೆಚ್ಚಿನ ಹಾಲು, ಹಣ್ಣು, ತರಕಾರಿ, ತಿರುಗಾಟ, ಐಸ್‌ಕ್ರೀಮು, ಎಲ್ಲಕ್ಕೂ ಅಷ್ಟೇ. ಮಕ್ಕಳ ವಿಷಯದಲ್ಲೂ ಲೆಕ್ಕವೇ ಎಂದು ಬಂಧುಗಳು ಕೇಳಿದ್ದುಂಟು. ಅವರ ವಿಷಯದಲ್ಲೇ ಲೆಕ್ಕ ಬೇಕು ಎನ್ನುವುದು ನನ್ನ ನಂಬಿಕೆ. ಇವತ್ತು ಮೊಮ್ಮಕ್ಕಳ ಖುಷಿಗೆಂದು ಅಸಲಿಗೆ ಕೈ ಹಾಕಿದರೆ ನಾಳೆ ನಮ್ಮ ಆಸ್ಪತ್ರೆಯ ಬಿಲ್ಲು ಅವರ ಅಪ್ಪ ಅಮ್ಮನ ತಲೆಯ ಮೇಲೆ ಬೀಳುತ್ತದೆ. ಆಗ ಕಡಿತವಾಗುವುದು ಇದೇ ಮಕ್ಕಳ ಓದಿನ ದುಡ್ಡು. ನಮ್ಮ ಖರ್ಚನ್ನು ನಾವೇ ನೋಡಿಕೊಳ್ಳುವ ಶಕ್ತಿ ಉಳಿಸಿಕೊಳ್ಳುವುದೂ ಮೊಮ್ಮಕ್ಕಳಿಗೆ ಕೊಡುವ ಆಸ್ತಿಯೇ.

8,000ದಲ್ಲಿ ಮೂರು ಮಕ್ಕಳ ರಜೆ ಕಳೆಯುವುದು ಹೇಗೆ? ಅಡುಗೆಮನೆಯ ಖರ್ಚು ಬೇರೆ, ಮಕ್ಕಳ ಮನರಂಜನೆಯ ಖರ್ಚು ಬೇರೆ ಎಂದು ಎರಡು ಬಾಬತ್ತು ಇಟ್ಟುಕೊಂಡರೆ ಆಗುವುದಿಲ್ಲ. ಎರಡನ್ನೂ ಒಂದು ಮಾಡಿದರೆ ಆಗುತ್ತದೆ. ಊಟ ತಿಂಡಿಯ ತಯಾರಿಯೇ ಆಟವಾಗಬೇಕು, ಆಟದ ಸಾಮಾನು ಅಡುಗೆಮನೆಯಿಂದಲೇ ಬರಬೇಕು. ಇಷ್ಟು ವರ್ಷ ಮಕ್ಕಳ ನಡುವೆ ಇದ್ದು ನಾನು ಕಂಡಿರುವುದು ಇದು: ಮಕ್ಕಳಿಗೆ ಬೇಕಾಗಿರುವುದು ಕೈತುಂಬ ಕೆಲಸ, ಅದೂ ದೊಡ್ಡವರು ಮಾಡುವಂಥ ನಿಜವಾದ ಕೆಲಸ.

ಸಂಡಿಗೆಯನ್ನೇ ತೆಗೆದುಕೊಳ್ಳಿ. ಹಿಂದಿನ ರಾತ್ರಿ ಒಂದು ಕಿಲೋ ಸಬ್ಬಕ್ಕಿ ನೆನೆ ಹಾಕುತ್ತೇವೆ. ನೀರು ಅಳೆದು ಹುಯ್ಯುವುದು ಹನ್ನೊಂದು ವರ್ಷದ ದೊಡ್ಡ ಮೊಮ್ಮಗಳ ಕೆಲಸ. ಬೆಳಗಿನ ಜಾವ ದೊಡ್ಡ ಪಾತ್ರೆಯಲ್ಲಿ ಅದನ್ನು ಗಂಜಿಯ ಹಾಗೆ ಬೇಯಿಸಿ, ಕಾಳು ಕಣ್ಣಿನಂತೆ ಹೊಳೆಯತೊಡಗಿದಾಗ ಇಳಿಸಿ, ಉಪ್ಪು, ಇಂಗು, ಜೀರಿಗೆ ಜೊತೆ ಜಜ್ಜಿದ ಹಸಿಮೆಣಸಿನಕಾಯಿ ಹಾಕಿ ತಿರುವುತ್ತೇನೆ. ಸ್ವಲ್ಪ ಆರಿದ ಮೇಲೆ ನಿಂಬೆರಸ. ಬಿಸಿಲೇರುವ ಮೊದಲೇ ತಾರಸಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಮೂವರ ಕೈಗೂ ಒಂದೊಂದು ಚಮಚ ಕೊಟ್ಟರೆ ಆಯಿತು. ಒಬ್ಬೊಬ್ಬರಿಗೆ ಒಂದೊಂದು ಸಾಲು. ದೊಡ್ಡವಳ ಸಂಡಿಗೆ ದುಂಡಗೆ ಒಂದೇ ಅಳತೆ. ನಡುವಿನವಳದು ಹೂವಿನ ಆಕಾರ. ಏಳು ವರ್ಷದ ಚಿಕ್ಕವನು ಚಮಚ ಎಳೆದು ಬಾಲ ಬಿಡುತ್ತಾನೆ. ತಿಂಗಳು ಕಳೆದು ಎಣ್ಣೆಯಲ್ಲಿ ಅರಳಿದ ಮೇಲೂ ಆ ಬಾಲ ನೋಡಿ “ಅಜ್ಜಿ, ಇದು ನಂದು” ಎಂದು ತಟ್ಟೆಯಿಂದ ಆರಿಸಿಕೊಳ್ಳುತ್ತಾನೆ.

ಆಮೇಲೆ ಕಾಗೆ ಕಾಯುವ ಕೆಲಸ. ನೀರಿನ ಟ್ಯಾಂಕಿನ ನೆರಳಿನಲ್ಲಿ ಚಾಪೆ ಹಾಸಿಕೊಂಡು, ಕೋಲಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಸರದಿಯ ಮೇಲೆ ಕೂರುತ್ತಾರೆ. ಕಾಯುವವರಿಗೆ ಕೂಲಿಯೂ ಇದೆ: ಮೇಲೆ ಒಣಗಿ ಒಳಗೆ ಇನ್ನೂ ಮೆತ್ತಗಿರುವ ಅರೆಬಿಸಿಲಿನ ಸಂಡಿಗೆ, ತಲೆಗೆರಡು. ಅದರ ರುಚಿ ಗೊತ್ತಿದ್ದವರಿಗೇ ಗೊತ್ತು. ಸಬ್ಬಕ್ಕಿ, ನಿಂಬೆಹಣ್ಣು, ಗ್ಯಾಸು ಎಲ್ಲ ಸೇರಿಸಿದರೂ ಖರ್ಚು ಇನ್ನೂರು ರೂಪಾಯಿ ದಾಟುವುದಿಲ್ಲ. ಡಬ್ಬ ತುಂಬ ಸಂಡಿಗೆ ಮಳೆಗಾಲದವರೆಗೆ ಬರುತ್ತದೆ, ಮಕ್ಕಳಿಗೆ ದಿನಗಟ್ಟಲೆ ಕೆಲಸವೂ ಸಿಗುತ್ತದೆ. ಮಾಲ್‌ನ ಆಟದ ಕೇಂದ್ರದಲ್ಲಿ ಇಷ್ಟೇ ದುಡ್ಡಿಗೆ ಒಂದು ಮಗು ಒಂದು ಗಂಟೆ ಕಳೆಯುವುದೂ ಕಷ್ಟ.

ವರ್ಷದ ಹುಣಸೆಹಣ್ಣು ತರುವ ಕಾಲವೂ ಇದೇ. ಬೀಜ ಬಿಡಿಸಲು ಮೂವರೂ ಸುತ್ತ ಕೂರುತ್ತಾರೆ. ಆ ಬೀಜ ಬಿಸಾಡುವುದಿಲ್ಲ. ನಾಲ್ಕು ಒಳ್ಳೆಯ ಬೀಜ ಆರಿಸಿ, ಒಗೆಯುವ ಕಲ್ಲಿನ ಮೇಲೆ ಒಂದು ಮಗ್ಗುಲನ್ನು ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದರೆ ಚೌಕಾಬಾರಕ್ಕೆ ಕವಡೆ ತಯಾರು. ತಿಕ್ಕುವಾಗ ಬೀಜ ಬಿಸಿಯಾಗುತ್ತದೆ, ಅದನ್ನು ಒಬ್ಬರ ಕೈಗೊಬ್ಬರು ಮುಟ್ಟಿಸಿ ಕಿರುಚುವುದೂ ಆಟದ ಭಾಗವೇ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೈದು ಮನೆ ಬರೆದು, ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು ಎಂದು ಹೇಳಿಕೊಟ್ಟರೆ ಮಧ್ಯಾಹ್ನ ಪೂರ್ತಿ ಟಿವಿ ನೆನಪಾಗುವುದಿಲ್ಲ. ಉಳಿದ ಬೀಜ ಅಳಿಗುಳಿಮನೆಯ ಹದಿನಾಲ್ಕು ಗುಳಿಗೆ. ಕೂಡುವುದು ಕಳೆಯುವುದು ಬಾಯಲ್ಲೇ ಬರುತ್ತದೆ, ನಾನು ಪಾಠ ಮಾಡಬೇಕಾಗಿಲ್ಲ. ಟಿವಿ, ಕೂಲರ್ ಸ್ವಲ್ಪ ಬಿಡುವು ಪಡೆಯುವುದರಿಂದ ಕರೆಂಟಿನಲ್ಲೂ ಲಾಭವಿದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಮನೆ ತುಂಬ ಜನರಿರುವ ಬೇಸಿಗೆಯಲ್ಲಿ ಮೀಟರ್ ಕಡೆ ಕಣ್ಣಿಡುವುದು ಒಳ್ಳೆಯದು.

ರಾತ್ರಿ ಕೈತುತ್ತು. ದೊಡ್ಡ ಬೇಸಿನ್ನಿನಲ್ಲಿ ಬಿಸಿ ಅನ್ನ, ಹುಳಿ, ಒಂದು ಚಮಚ ತುಪ್ಪ ಹಾಕಿ ಕಲಸಿಕೊಂಡು ತಾರಸಿಗೆ ಹೋದರೆ ಮೂವರೂ ಅಂಗೈ ಚಾಚಿ ಸುತ್ತ ಕೂತಿರುತ್ತಾರೆ. ಉಂಡೆಯ ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಿ ಒಂದಿಷ್ಟು ಗೊಜ್ಜು ಹಾಕಿ ಕೊಡುತ್ತೇನೆ. ತಟ್ಟೆಯಲ್ಲಿ ಬೀನ್ಸು ಕಂಡರೆ ಮೂಗು ಮುರಿಯುವ ಮಕ್ಕಳು ಇಲ್ಲಿ ಸೋರೆಕಾಯಿ, ಬದನೆಕಾಯಿ ಯಾವುದೆಂದು ಕೇಳದೆ ನುಂಗುತ್ತಾರೆ. ಕೊನೆಯದು ಮೊಸರನ್ನದ ತುತ್ತು. ಯಾರಿಗೆ ಎಷ್ಟು ಹಸಿವು ಎಂಬುದು ನನ್ನ ಕೈಗೇ ಗೊತ್ತಾಗುವುದರಿಂದ ಒಂದು ಅಗುಳೂ ಮಿಕ್ಕುವುದಿಲ್ಲ. ನಮ್ಮ ಮನೆಯಲ್ಲಿ ಉಳಿತಾಯ ಬಹುಪಾಲು ಆಗುವುದು ಇಲ್ಲಿಯೇ, ಕಡಿಮೆ ಬೆಲೆಗೆ ಕೊಳ್ಳುವುದಕ್ಕಿಂತ ಚೆಲ್ಲದೆ ಇರುವುದರಲ್ಲಿ.

ಪಿಜ್ಜಾ ಬೇಕು ಎನ್ನುವ ದಿನವೂ ಬರುತ್ತದೆ. ಬೇಡ ಎನ್ನುವುದಿಲ್ಲ. ಐದು ಜನಕ್ಕೆ ತರಿಸಿದರೆ ಸಾವಿರ ದಾಟುತ್ತದೆ. ಲಕೋಟೆಯನ್ನು ಅವರ ಕೈಗೇ ಕೊಟ್ಟು, ಉಳಿದದ್ದರಲ್ಲಿ ಇನ್ನೇನೇನು ಆಗಬೇಕು ನೋಡಿ ಎನ್ನುತ್ತೇನೆ. ಲೆಕ್ಕದ ಪುಸ್ತಕ ಬರೆಯುವವಳು ದೊಡ್ಡವಳೇ. ಒಮ್ಮೆ ತರಿಸಿದರು, ಸಂತೋಷವಾಗಿ ತಿಂದರು. ಎರಡನೆಯ ಸಲ ಅವಳೇ, “ತಾತ, ಪಿಜ್ಜಾ ಬಿಟ್ಟರೆ ಝೂಗೂ ಹೋಗಿ ಕಬ್ಬಿನ ಹಾಲೂ ಕುಡಿಯಬಹುದು” ಎಂದಳು. ಆ ಸಂಜೆ ಅಕ್ಕಿರೊಟ್ಟಿಯ ಮೇಲೆ ಕ್ಯಾರೆಟ್ಟು, ಈರುಳ್ಳಿ, ಸಬ್ಬಸಿಗೆ ಸೊಪ್ಪು ಜೋಡಿಸಿ ತಾವೇ ತಟ್ಟಿದರು.

ತಿರುಗಾಟಕ್ಕೆ ನಮ್ಮಂಥ ಮೈಸೂರಿನವರು ಪುಣ್ಯವಂತರು. 1892ರಲ್ಲಿ ಶುರುವಾದ ಮೃಗಾಲಯಕ್ಕೆ ಟಿಕೆಟ್ಟಿನ ಖರ್ಚು ಇದ್ದೇ ಇದೆ, ಅದು ರಜೆಗೊಂದು ಸಲ. ಉಳಿದದ್ದು ಹೆಚ್ಚಾಗಿ ಕಾಲುನಡಿಗೆ. ಬೆಳಗಿನ ಜಾವ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ನಂದಿಯ ಹತ್ತಿರ ಕೂತು ಅವಲಕ್ಕಿ ತಿನ್ನುತ್ತೇವೆ. ಭಾನುವಾರ ಸಂಜೆ ಏಳಕ್ಕೆ ಅರಮನೆಯ ದೀಪ ಹೊತ್ತಿಕೊಳ್ಳುವುದನ್ನು ರಸ್ತೆಯಿಂದಲೇ ನೋಡುತ್ತೇವೆ. ಚುರುಮುರಿಗೆ ಮಂಡಕ್ಕಿ, ಕಡಲೆಬೀಜ ಮನೆಯಿಂದ ಹೊರಡುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟದ ದಿನ ಸೋಮನಾಥಪುರದ್ದು. ಮೈಸೂರಿನಿಂದ ಬನ್ನೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ನನಗೂ ಹೆಣ್ಣುಮಕ್ಕಳಿಬ್ಬರಿಗೂ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ಇಟ್ಟುಕೊಂಡರೆ ಸಾಕು. ಚಿಕ್ಕವನಿಗೆ ಅರ್ಧ ಟಿಕೆಟ್ಟು. ಯಜಮಾನರಿಗೆ ಹಿರಿಯ ನಾಗರಿಕರ ಶೇ 25ರ ರಿಯಾಯಿತಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತವಾದ್ದರಿಂದ ದೇವಾಲಯದಲ್ಲಿ ಟಿಕೆಟ್ಟು ನಮ್ಮಿಬ್ಬರಿಗೆ ಮಾತ್ರ. ಬುತ್ತಿಗೆ ಪುಳಿಯೋಗರೆ, ಮೊಸರನ್ನ. ಹೀಗೆ ಐದು ಜನ ಒಂದಿಡೀ ದಿನ ಸುತ್ತಿ ಬರುವುದಕ್ಕೆ ಪಿಜ್ಜಾದ ಕಾಲುಭಾಗವೂ ಖರ್ಚಾಗುವುದಿಲ್ಲ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ದಂಡನಾಯಕ ಸೋಮನಾಥ ಕಟ್ಟಿಸಿದ ಗುಡಿ ಅದು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಕೆಳಗಿನ ಪಟ್ಟಿಕೆಯ ಆನೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ, ನೋಡಿಕೊಂಡು ಬನ್ನಿ ಎಂದು ಬಿಡುತ್ತೇನೆ. ಮಲ್ಲಿತಮ್ಮನೆಂಬ ಶಿಲ್ಪಿ ತಾನು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೆತ್ತಿದ್ದಾನೆ. ಹಳಗಾಲದ ಆ ಕನ್ನಡ ಅಕ್ಷರ ಹುಡುಕುತ್ತ ಇಂಗ್ಲಿಷ್ ಮಾಧ್ಯಮದ ಮೂವರು ಮಕ್ಕಳು ಗೋಡೆಗೆ ಮುಖ ಹಚ್ಚಿ ನಿಂತಿದ್ದರು. ನನಗೆ ಕಣ್ಣು ತುಂಬಿತು.

ಓದುವುದಕ್ಕೆ ಸಾರ್ವಜನಿಕ ಗ್ರಂಥಾಲಯವಿದೆ. 1965ರ ಕಾಯ್ದೆಯ ಪ್ರಕಾರ ನಾವು ಕಟ್ಟುವ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವೂ ಸೇರಿರುತ್ತದೆ. ಕೊಟ್ಟ ದುಡ್ಡನ್ನು ಬಳಸಿಕೊಳ್ಳೋಣ. ಹಳ್ಳಿಯಲ್ಲಿರುವ ಅಜ್ಜಿ ತಾತಂದಿರು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ವಿಚಾರಿಸಲಿ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಅಲ್ಲಿ ಮಕ್ಕಳ ಸದಸ್ಯತ್ವ ಉಚಿತ.

ಕೈ ಬಿಗಿ ಹಿಡಿಯಬಾರದ ಕಡೆಯೂ ಇವೆ. ಹಾಲು ಲೀಟರಿಗೆ 4 ರೂಪಾಯಿ ಏರಿದಾಗಲೂ ಮಕ್ಕಳ ಲೋಟದಲ್ಲಿ ಕಡಿಮೆ ಮಾಡಲಿಲ್ಲ. ಸೊಪ್ಪಿನವಳ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವುದಿಲ್ಲ, ಮಕ್ಕಳ ಎದುರಿಗಂತೂ ಇಲ್ಲವೇ ಇಲ್ಲ. ಮನೆಯಲ್ಲಿ ಪಾತ್ರೆ ಹೆಚ್ಚಾಗುವುದರಿಂದ ಕೆಲಸದವಳಿಗೆ ಏಪ್ರಿಲ್, ಮೇ ಎರಡೂ ತಿಂಗಳು ಹೆಚ್ಚು ಕೊಡುತ್ತೇವೆ, ಅದು ಲಕೋಟೆಯ ಮೊದಲ ಖರ್ಚು. ಇನ್ನೊಬ್ಬರ ಹೊಟ್ಟೆಯಿಂದ ಉಳಿಸಿದ್ದು ನನ್ನ ಉಳಿತಾಯವಲ್ಲ ಎನ್ನುವುದನ್ನು ಮಕ್ಕಳು ಚಿಕ್ಕಂದಿನಲ್ಲೇ ನೋಡಲಿ.

ಹೊರಡುವಾಗ ಮೊಮ್ಮಕ್ಕಳ ಕೈಗೆ ನೋಟು ಇಡುವ ಪದ್ಧತಿ ನಮ್ಮಲ್ಲೂ ಇತ್ತು. ಈಗ ನೂರರ ಒಂದು ನೋಟು ಮಾತ್ರ ಕೈಗೆ, ಉಳಿದದ್ದು ಅವರವರ ಖಾತೆಗೆ. ಅಜ್ಜಿ ತಾತಂದಿರು ಗಮನಿಸಬೇಕಾದ್ದೊಂದಿದೆ: ಸುಕನ್ಯಾ ಸಮೃದ್ಧಿ ಖಾತೆಯನ್ನು ಅಪ್ಪ ಅಮ್ಮ ಅಥವಾ ಕಾನೂನುಬದ್ಧ ಪೋಷಕರೇ ತೆರೆಯಬೇಕು, ಅದೂ ಮಗುವಿಗೆ ಹತ್ತು ತುಂಬುವ ಮೊದಲು. ಅಜ್ಜಿ ತಾತಂದಿರು ಹಿಂದೆ ತೆರೆದಿದ್ದರೆ ಪೋಷಕರ ಹೆಸರಿಗೆ ಬದಲಾಯಿಸಿಕೊಳ್ಳಬೇಕೆಂದು 2024ರ ಅಕ್ಟೋಬರ್‌ನಿಂದ ನಿಯಮವಿದೆ. ಹಾಗಾಗಿ ಖಾತೆ ಮಗಳು, ಸೊಸೆ ತೆರೆದಿದ್ದಾರೆ, ನಾವು ನಮ್ಮ ಪಾಲು ಕಟ್ಟುತ್ತೇವೆ. ವರ್ಷಕ್ಕೆ ಕನಿಷ್ಠ 250 ರೂಪಾಯಿ, ಗರಿಷ್ಠ ಒಂದೂವರೆ ಲಕ್ಷ. ಚಿಕ್ಕವನಿಗೆ ಅಂಚೆ ಕಚೇರಿಯ ಆರ್‌ಡಿ. ತಿಂಗಳಿಗೆ ನೂರು ರೂಪಾಯಿಯಿಂದಲೂ ಶುರುಮಾಡಬಹುದು. ಬಡ್ಡಿದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದರಿಂದ ಕಟ್ಟುವ ಮೊದಲು ಕೌಂಟರಿನಲ್ಲಿ ಕೇಳಿಕೊಳ್ಳಿ.

ಇನ್ನೊಂದು ಸಂಗತಿ ಹಲವು ಮನೆಗಳಲ್ಲಿ ಬಾಯಿಗೆ ಬರುವುದಿಲ್ಲ, ಮನಸ್ಸಿನಲ್ಲೇ ಕೊರೆಯುತ್ತದೆ. ನಮ್ಮ ಮಗಳ ಅತ್ತೆ ಮನೆಯವರು ಅನುಕೂಲವಂತರು. ಹುಟ್ಟುಹಬ್ಬಕ್ಕೆ ಸೈಕಲ್ಲು, ಟ್ಯಾಬು ಕೊಡಿಸುತ್ತಾರೆ. ಅವರಿಗೆ ಸರಿಸಾಟಿಯಾಗಲು ಹೊರಟಿದ್ದರೆ ನಮ್ಮ ಮೂರು ತಿಂಗಳ ಬಡ್ಡಿ ಒಂದೇ ವಾರಕ್ಕೆ ಮುಗಿಯುತ್ತಿತ್ತು. ಈ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಲು ಬಂದಿದ್ದ ಬೀಗಿತ್ತಿಯ ಹತ್ತಿರ ನೇರವಾಗಿಯೇ ಹೇಳಿದೆ: “ಅಕ್ಕಾ, ನಮ್ಮ ಕೈಲಿ ಆಗುವುದು ಇಷ್ಟು, ಇಷ್ಟನ್ನು ಮನಸ್ಸಿಟ್ಟು ಮಾಡುತ್ತೇವೆ.” ಅವರು ಸಂಡಿಗೆ ಡಬ್ಬದ ಮುಚ್ಚಳ ತೆಗೆದು ನೋಡಿದರು. “ನನ್ನ ಅತ್ತೆ ಹೋದ ಮೇಲೆ ನಮ್ಮ ಮನೆಯಲ್ಲಿ ಇದನ್ನು ಯಾರೂ ಮಾಡಿಲ್ಲ. ಮುಂದಿನ ವರ್ಷ ನಾನೂ ಬಂದು ಕೂರಲಾ?” ಎಂದರು. ಅವರ ತೋಟದ ತೆಂಗಿನಕಾಯಿ ಒಂದು ಮೂಟೆ ಬರುತ್ತದೆ, ಸಬ್ಬಕ್ಕಿ ನಮ್ಮದು. ಕಾಗೆ ಕಾಯುವ ಸರದಿಯನ್ನು ಹೊಸದಾಗಿ ಹಂಚಬೇಕೆಂದು ದೊಡ್ಡವಳು ಆಗಲೇ ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ.