ಆಟ ಏದುಸಿರು ಬಿಡುತ್ತಿದೆಯೇ? ಮೊದಲು ಕ್ಯಾಬಿನೆಟ್ ಬಿಚ್ಚಿ

2017ರ ಸುಮಾರಿಗೆ ಬೆಂಗಳೂರಿನ ಎಸ್.ಪಿ. ರೋಡ್ ಸುತ್ತಿ ಜೋಡಿಸಿಕೊಂಡ ಪಿಸಿಗಳು ಇನ್ನೂ ಹಲವು ಮನೆಗಳಲ್ಲಿ ಓಡುತ್ತಿವೆ. ಇಂಟೆಲ್ ಐ5-7400 ಪ್ರೊಸೆಸರ್, ಜಿಟಿಎಕ್ಸ್ 1060 ಕಾರ್ಡ್, 8 ಜಿಬಿ ರ‍್ಯಾಮ್: ಅಂದಿಗೆ ಗಟ್ಟಿ ಜೋಡಣೆಯೇ. ಇಂದು ಹೊಸ ಆಟ ಹಾಕಿದರೆ ಏದುಸಿರು. ‘ಹೊಸದೇ ತಗೊಂಡುಬಿಡಿ ಸಾರ್’ ಎನ್ನುವ ಅಂಗಡಿಯವರಿಗೆ ತಲೆಯಾಡಿಸುವ ಮುನ್ನ ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ.

ಮೊದಲು ದೂಳು. ಪ್ಲಗ್ ಕಿತ್ತು, ಕ್ಯಾಬಿನೆಟ್ ಬಿಚ್ಚಿ, ಮೃದು ಬ್ರಷ್ ಮತ್ತು ಬ್ಲೋವರ್‌ನಿಂದ ಸ್ವಚ್ಛಮಾಡಿ. ಗಾಳಿ ಬಿಡುವಾಗ ಫ್ಯಾನ್ ಗಿರಗಿರ ತಿರುಗದಂತೆ ಬೆರಳಲ್ಲಿ ಹಿಡಿದಿರಿ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಒರೆಸಿ ಹೊಸದು ಹಚ್ಚಿ. ಬಿಸಿ ಏರಿದರೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸುತ್ತದೆ. ಎಷ್ಟೋ ‘ಮುದಿ’ ಪಿಸಿಗಳ ಕಾಯಿಲೆ ಇಷ್ಟೇ.

ಆಮೇಲೆ ಅಡ್ಡಗಾಲು ಹಾಕುತ್ತಿರುವ ಭಾಗ ಯಾವುದೆಂದು ಹುಡುಕಿ. ಎಂಎಸ್ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಆಟದ ನಡುವೆಯೇ ಪ್ರತಿ ಭಾಗದ ಬಳಕೆಯ ಅಂಕಿಗಳನ್ನು ಪರದೆಯ ಮೂಲೆಯಲ್ಲಿ ತೋರಿಸುತ್ತದೆ. ಆಟದ ಸೆಟ್ಟಿಂಗ್ಸ್‌ನಲ್ಲಿ ವಿ-ಸಿಂಕ್ ಆಫ್ ಮಾಡಿ ಅರ್ಧ ಗಂಟೆ ಆಡಿ. ಗ್ರಾಫಿಕ್ಸ್ ಕಾರ್ಡ್ ಶೇಕಡಾ 95 ದಾಟಿ ನಿಂತಿದ್ದರೆ ಸೋಲುತ್ತಿರುವುದು ಕಾರ್ಡ್. ಅದು 60ರ ಆಸುಪಾಸಿನಲ್ಲಿದ್ದು ಪ್ರೊಸೆಸರ್‌ನ ಒಂದೆರಡು ಕೋರ್ 100 ಮುಟ್ಟಿದ್ದರೆ ತಪ್ಪು ಪ್ರೊಸೆಸರ್‌ನದು. (ಒಟ್ಟು ಶೇಕಡಾ ನೋಡಿ ಮೋಸಹೋಗಬೇಡಿ, ಕೋರ್‌ಗಳನ್ನು ಬಿಡಿಬಿಡಿಯಾಗಿ ನೋಡಿ.) ರ‍್ಯಾಮ್ ತುಂಬಿ ತುಳುಕಿದರೆ ಆಟ ತಟಕ್ಕನೆ ನಿಂತು ನಿಂತು ಸಾಗುತ್ತದೆ. ಆಟ ಇನ್ನೂ ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಉಳಿದ ಮಾತು ಆಮೇಲೆ, ಎಸ್ಎಸ್‌ಡಿ ಹಾಕಿಸಿ. ಮುಂದೆ ಹೊಸ ಪಿಸಿ ಕೊಂಡರೂ ಅದು ಜೊತೆಗೆ ಬರುತ್ತದೆ.

ಪ್ರೊಸೆಸರ್ ಬದಲಿಸಬೇಕೆಂದಾದರೆ ನಿಜವಾದ ತೀರ್ಪು ಕೊಡುವುದು ಮದರ್‌ಬೋರ್ಡ್. ಐ5-7400ರ ಬೋರ್ಡ್ ಅಧಿಕೃತವಾಗಿ ಐ7-7700ಕೆ ಆಚೆಗೆ ಹೋಗದು. ಮೇಲಾಗಿ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಆ ಐ7 ಕೂಡ ಇಲ್ಲ. ಅಂಥ ಬೋರ್ಡ್‌ಗೆ ಹಣ ಸುರಿಯಬೇಡಿ ಎಂಬುದೇ ನನ್ನ ಸಲಹೆ. ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರೂ ಬದಲಾದರೆ ಅದು ಹೊಸ ಪಿಸಿಯೇ. ಕ್ಯಾಬಿನೆಟ್, ಎಸ್ಎಸ್‌ಡಿ, ಮಾನಿಟರ್ ಉಳಿಸಿಕೊಳ್ಳಿ.

2017ರಲ್ಲೇ ಎಎಂಡಿ ರೈಜನ್ ಕೊಂಡವರ ಅದೃಷ್ಟ ಬೇರೆ. ಎಎಂ4 ಸಾಕೆಟ್‌ನ ಅನೇಕ ಹಳೇ ಬೋರ್ಡ್‌ಗಳು ಬಯೋಸ್ ಅಪ್‌ಡೇಟ್ ಮಾಡಿದರೆ ರೈಜನ್ 5 5600 ಒಪ್ಪಿಕೊಳ್ಳುತ್ತವೆ. ಬೋರ್ಡ್ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾಡೆಲ್‌ನ ಪಟ್ಟಿ ನೋಡಿ, ಹಳೇ ಪ್ರೊಸೆಸರ್ ಇರುವಾಗಲೇ ಅಪ್‌ಡೇಟ್ ಮುಗಿಸಿ. ಡಿಡಿಆರ್4 ರ‍್ಯಾಮ್ ಹಾಗೇ ಉಳಿಯುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಗಗನಕ್ಕೇರಿರುವಾಗ ಇದು ಸಣ್ಣ ಉಳಿತಾಯವಲ್ಲ.

ಕಾರ್ಡ್ ಮಾತ್ರ ಬದಲಿಸುವವರು ವಿದ್ಯುತ್ ಪೂರೈಸುವ ಎಸ್ಎಂಪಿಎಸ್ ಮರೆಯಬೇಡಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದಾದರೆ ಅದರ ಮೇಲೆ ಬರೆದ ವ್ಯಾಟ್‌ ನಂಬಬೇಡಿ. ಅದು ಸುಟ್ಟರೆ ಉಳಿದದ್ದನ್ನೂ ಜೊತೆಗೆ ಎಳೆದೊಯ್ಯಬಹುದು. ಬೇಕಾದ ಪವರ್ ಪಿನ್ ಇದೆಯೇ ನೋಡಿ; ಕಾರ್ಡ್‌ನ ಉದ್ದ ಕ್ಯಾಬಿನೆಟ್‌ಗೆ ಹಿಡಿಸುತ್ತದೆಯೇ, ಟೇಪ್ ಹಿಡಿದು ಅಳೆಯಿರಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಆದರೆ ಎದುರಿಗೇ ಅರ್ಧ ಗಂಟೆ ಆಟ ಓಡಿಸಿ, ಬಿಸಿ ಎಷ್ಟು ಏರುತ್ತದೆ ನೋಡಿ, ಮೂಲ ಬಿಲ್ ಕೈಗೆ ಬಂದ ಮೇಲೆ ದುಡ್ಡು ಎಣಿಸಿ.